ಫ್ಲೋ ಒಪ್ಪಂದಕ್ಕೆ ಹತ್ತು ದಿನದಲ್ಲಿ ಮತ ಹಾಕಬೇಕು: ಅನುಭವಸ್ಥರು ದಯವಿಟ್ಟು ಹೇಳಿ

ಬಲಸೀಟು

ಎಲ್ಲರಿಗೂ ನಮಸ್ಕಾರ. ಅಮೆರಿಕದ ಒಂದು ರೀಜನಲ್ ವಿಮಾನ ಕಂಪನಿಯಲ್ಲಿ, ಅಂದರೆ ದೊಡ್ಡ ಕಂಪನಿಯ ಪರವಾಗಿ ಸಣ್ಣ ಜೆಟ್‌ಗಳನ್ನು ಹಾರಿಸುವ ಕಂಪನಿಯಲ್ಲಿ, ನಾಲ್ಕನೇ ವರ್ಷದ ಫಸ್ಟ್ ಆಫೀಸರ್ (ಸಹ ಪೈಲಟ್) ಆಗಿದ್ದೇನೆ. ಹಾರಿಸುವುದು ಎಂಬ್ರೇಯರ್ 175. ಊರು ಅರಸೀಕೆರೆ. ಎಂಜಿನಿಯರಿಂಗ್ ಕೆಲಸ ಬಿಟ್ಟು ತಡವಾಗಿ ಈ ದಾರಿಗೆ ಬಂದವನು, ಈಗ ವಯಸ್ಸು 34. ಕಂಪನಿಯ ಹೆಸರು ಬರೆಯುವುದಿಲ್ಲ. ಊಹಿಸಿದವರೂ ದಯವಿಟ್ಟು ಬರೆಯಬೇಡಿ.

ನಮ್ಮ ಯೂನಿಯನ್ ಮತ್ತು ಆಡಳಿತದ ನಡುವೆ ಹೊಸ ಒಪ್ಪಂದದ ಕರಡು ಸಿದ್ಧವಾಗಿದೆ. ಸಂಬಳದ ದರ ನಾಲ್ಕು ವರ್ಷ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ರಿಸರ್ವ್ ನಿಯಮ ಬಿಗಿಯಾಗುತ್ತದೆ, ಅಂದರೆ ಫೋನ್ ಬಂದ ಎರಡು ಗಂಟೆಯೊಳಗೆ ನಿಲ್ದಾಣದಲ್ಲಿ ಹಾಜರಿರಬೇಕಾದ ದಿನಗಳು ಹೆಚ್ಚಾಗುತ್ತವೆ. ಒಂದು ಬೋನಸ್ ಇದೆ, ಎರಡು ವರ್ಷದೊಳಗೆ ಕೆಲಸ ಬಿಟ್ಟರೆ ಅದನ್ನು ಹಿಂದಿರುಗಿಸಬೇಕು. ಇಷ್ಟಕ್ಕೆಲ್ಲ ಬದಲಾಗಿ ಕೊಡುತ್ತಿರುವುದು ಫ್ಲೋ. ನಮ್ಮ ವಿಮಾನಗಳ ಮೇಲಿರುವ ಬಣ್ಣ ಯಾವ ದೊಡ್ಡ ಕಂಪನಿಯದೋ ಆ ಕಂಪನಿಗೆ ಸಂದರ್ಶನವಿಲ್ಲದೆ, ಸೀನಿಯಾರಿಟಿಯ ಸಾಲಿನಲ್ಲಿ ನಾವು ಹೋಗಬಹುದು. ಹೊಸದಾಗಿ ಸೇರಿದ ಪೈಲಟ್‌ಗಳಿಗೆ ಅವರು ಶುರು ಮಾಡುವ ಪ್ರತಿ ತರಬೇತಿ ತರಗತಿಯಲ್ಲೂ ಒಂದು ಪಾಲು ನಮಗೆ ಮೀಸಲು.

ನಿನ್ನೆ ರಾತ್ರಿ ಕ್ರಾಶ್ ಪ್ಯಾಡ್‌ನ (ಕೆಲಸದ ಊರಿನಲ್ಲಿ ಪೈಲಟ್‌ಗಳು ಹಂಚಿಕೊಂಡು ತಂಗುವ ಮನೆ) ಅಡುಗೆಮನೆಯಲ್ಲಿ ಕುಳಿತು ಇಡೀ ಕರಡನ್ನು ಓದಿದೆ. ಪಕ್ಕದ ಕೋಣೆಯಲ್ಲಿ ಆರು ಜನ ಬಂಕ್‌ಗಳಲ್ಲಿ ಮಲಗಿದ್ದರು, ಹಾಗಾಗಿ ಒಲೆಯ ಮೇಲಿನ ಸಣ್ಣ ದೀಪ ಮಾತ್ರ ಹಾಕಿಕೊಂಡಿದ್ದೆ. ಫ್ಲೋ ಬಗ್ಗೆ ಇರುವುದು ಒಂದೂವರೆ ಪುಟ. ಆ ಒಂದೂವರೆ ಪುಟದಲ್ಲಿ ‘ನೇಮಕಾತಿಯ ಅಗತ್ಯಕ್ಕೆ ಒಳಪಟ್ಟು’ ಎಂಬ ಅರ್ಥದ ಮಾತು ನಾಲ್ಕು ಸಲ ಬಂದಿದೆ. ಹಳದಿ ಪೆನ್ನಿನಲ್ಲಿ ಗುರುತು ಮಾಡಿ ಎಣಿಸಿದೆ.

ನನ್ನ ಜೊತೆ ಹಾರುವ ಕ್ಯಾಪ್ಟನ್‌ಗಳಲ್ಲಿ ಹೆಚ್ಚಿನವರು ಒಪ್ಪಿಕೊಳ್ಳೋಣ ಎನ್ನುತ್ತಿದ್ದಾರೆ. ತರಬೇತಿಯ ಸಾಲ ಇನ್ನೂ ತೀರಿಲ್ಲ. ಮನೆಯಲ್ಲಿ ಹೆಂಡತಿ, ಎರಡು ವರ್ಷದ ಮಗಳು. ಏನು ಮಾಡಲಿ?


ಜಕ್ಕೂರು_ಹುಡುಗ

ಸರ್, ನಾನು ಬೆಂಗಳೂರಿನಲ್ಲಿ ಹಾರಾಟ ಕಲಿಯುತ್ತಿದ್ದೇನೆ. ಒಂದು ಸಾಮಾನ್ಯ ಪ್ರಶ್ನೆ. ನಿಮ್ಮ ಬಳಿ ಜೆಟ್ ಅನುಭವ ಇದೆ. ನೇರವಾಗಿ ದೊಡ್ಡ ಕಂಪನಿಗೆ ಅರ್ಜಿ ಹಾಕಿದರೆ ಆಗುವುದಿಲ್ಲವೇ? ಫ್ಲೋಗೆ ಏಕೆ ಇಷ್ಟು ಬೆಲೆ?


ಬಲಸೀಟು

ಹಾಕಬಹುದು, ಹಾಕಿದ್ದೇನೆ ಕೂಡ. ಉತ್ತರ ಬಂದಿಲ್ಲ. ದೊಡ್ಡ ಕಂಪನಿಗಳು ಕ್ಯಾಪ್ಟನ್ ಆಗಿ ಹಾರಿಸಿದ ಗಂಟೆಗಳನ್ನು ನೋಡುತ್ತವೆ. ನಮ್ಮಲ್ಲಿ ಕ್ಯಾಪ್ಟನ್ ಆಗುವುದು ಈಗ ನಿಧಾನವಾಗಿದೆ, ಏಕೆಂದರೆ ಮೇಲಿನವರು ಹೋಗುತ್ತಿಲ್ಲ. ಮೇಲಿನವರು ಹೋಗದಿರುವುದು ದೊಡ್ಡ ಕಂಪನಿ ಕರೆಯದಿರುವುದರಿಂದ.


ಹಳೆಯ_ಕ್ಯಾಪ್ಟನ್

ಜಕ್ಕೂರಿನ ಹುಡುಗನಿಗೆ ನಾನು ವಿವರಿಸುತ್ತೇನೆ. ಇದು ತಿಳಿಯದಿದ್ದರೆ ಉಳಿದ ಚರ್ಚೆ ಅರ್ಥವಾಗುವುದಿಲ್ಲ.

ನಮ್ಮ ದೇಶದಲ್ಲಿ 200 ಗಂಟೆಗೆ ಕಮರ್ಷಿಯಲ್ ಲೈಸೆನ್ಸ್ ಪಡೆದು, ಟೈಪ್ ರೇಟಿಂಗ್ (ಒಂದು ನಿರ್ದಿಷ್ಟ ವಿಮಾನ ಹಾರಿಸುವ ಅರ್ಹತೆ) ಮಾಡಿಸಿಕೊಂಡು ನೇರವಾಗಿ ಏರ್‌ಬಸ್‌ನ ಬಲ ಸೀಟಿಗೆ, ಅಂದರೆ ಸಹ ಪೈಲಟ್‌ನ ಸೀಟಿಗೆ, ಹೋಗಿ ಕೂರಬಹುದು. ಅಮೆರಿಕದಲ್ಲಿ ಹಾಗಿಲ್ಲ. 2009ರ ಫೆಬ್ರುವರಿ 12ರ ರಾತ್ರಿ ಕೋಲ್ಗನ್ ಏರ್ ವಿಮಾನ ಬಫಲೋ ಬಳಿ ಒಂದು ಮನೆಯ ಮೇಲೆ ಬಿದ್ದು 50 ಜನ ಸತ್ತರು. ಅದರ ಸಹ ಪೈಲಟ್ ಹಿಂದಿನ ರಾತ್ರಿಯಿಡೀ ಸಿಯಾಟಲ್‌ನಿಂದ ನ್ಯೂವಾರ್ಕ್‌ಗೆ ಪ್ರಯಾಣ ಮಾಡಿ ಕೆಲಸಕ್ಕೆ ಬಂದಿದ್ದರು. ರೀಜನಲ್ ಪೈಲಟ್‌ಗಳ ಸಂಬಳ, ದಣಿವು, ತರಬೇತಿ ಎಲ್ಲವೂ ತನಿಖೆಯ ಸಮಯದಲ್ಲಿ ದೇಶದ ಕಣ್ಣಿಗೆ ಬಿತ್ತು. ಮರುವರ್ಷ ಕಾಯ್ದೆ ಬಂದಿತು, 2013ರ ಆಗಸ್ಟ್‌ನಿಂದ 1500 ಗಂಟೆಯ ನಿಯಮ ಜಾರಿಯಾಯಿತು. ಸೇನೆಯಿಂದ ಬಂದವರಿಗೆ 750, ವಾಯುಯಾನದ ಪದವಿ ಓದಿದವರಿಗೆ 1000 ಗಂಟೆ ಎಂಬ ವಿನಾಯಿತಿಗಳಿವೆ. ಉಳಿದವರು ಪಾಠ ಹೇಳಿಕೊಟ್ಟೋ, ಬ್ಯಾನರ್ ಎಳೆದೋ ಗಂಟೆ ಕೂಡಿಸಬೇಕು. ಆ ನಂತರ ರೀಜನಲ್. ಆ ನಂತರ ಮೇಜರ್, ಅಂದರೆ ದೊಡ್ಡ ಕಂಪನಿ.

ಮೇಜರ್‌ಗೆ ಸೇರಿದ ದಿನ ಒಂದು ಸೀನಿಯಾರಿಟಿ ಸಂಖ್ಯೆ ಕೊಡುತ್ತಾರೆ. ಯಾವ ವಿಮಾನ, ಯಾವ ಊರು, ದೀಪಾವಳಿಗೆ ರಜೆ ಇದೆಯೇ ಇಲ್ಲವೇ, ಯಾವಾಗ ಕ್ಯಾಪ್ಟನ್ ಆಗುವುದು, ಕೆಲಸ ಕಡಿತವಾದರೆ ಮೊದಲು ಯಾರು ಮನೆಗೆ, ಎಲ್ಲವನ್ನೂ ಆ ಒಂದು ಸಂಖ್ಯೆ ತೀರ್ಮಾನಿಸುತ್ತದೆ. ಕಂಪನಿ ಬದಲಿಸಿದರೆ ಎಷ್ಟೇ ಅನುಭವವಿದ್ದರೂ ಕೊನೆಯ ಸಂಖ್ಯೆಯಿಂದ ಶುರು. 65ಕ್ಕೆ ಕಡ್ಡಾಯ ನಿವೃತ್ತಿ. ಆದ್ದರಿಂದ ಆರಂಭದಲ್ಲಿ ಒಂದು ವರ್ಷ ತಡವಾದರೆ ಕಳೆದುಹೋಗುವುದು ಮೊದಲ ವರ್ಷದ ಸಂಬಳವೆಂದು ತಿಳಿಯಬೇಡಿ. ಕೊನೆಯ ವರ್ಷದ್ದು ಹೋಗುತ್ತದೆ. 2023ರಲ್ಲಿ ಡೆಲ್ಟಾ, ಅಮೆರಿಕನ್, ಯುನೈಟೆಡ್ ಮೂರೂ ಕಂಪನಿಗಳ ಪೈಲಟ್‌ಗಳು ಹೊಸ ಒಪ್ಪಂದ ಮಾಡಿಕೊಂಡ ಮೇಲೆ ದೊಡ್ಡ ವಿಮಾನದ ಹಿರಿಯ ಕ್ಯಾಪ್ಟನ್‌ಗೆ ಗಂಟೆಗೆ 400 ಡಾಲರ್‌ಗೂ ಹೆಚ್ಚು ಸಿಗುತ್ತದೆ. ಕಳೆದುಹೋಗುವ ವರ್ಷ ಅದು.

ಅದಕ್ಕೇ ಫ್ಲೋ ಎಂಬ ಪದ ಕೇಳಿದ ಕೂಡಲೇ ಪೈಲಟ್‌ನ ಎದೆ ಬಡಿತ ಹೆಚ್ಚಾಗುತ್ತದೆ. ಆಡಳಿತಕ್ಕೂ ಅದು ಚೆನ್ನಾಗಿ ಗೊತ್ತು.

ಬಲಸೀಟು ಅವರೇ, ನಿಮಗೆ ಒಂದೇ ಪ್ರಶ್ನೆ. ಆ ಒಂದೂವರೆ ಪುಟದ ಕೆಳಗೆ ಸಹಿ ಹಾಕುವವರು ಯಾರು ಯಾರು? ನೋಡಿ ಹೇಳಿ.


ಶಿಕಾಗೋ_ಗಾಳಿ

ನಾನು ಫ್ಲೋ ಮೂಲಕವೇ ಮೇಜರ್‌ಗೆ ಬಂದವನು. ಐದು ವರ್ಷ ಎಂಟು ತಿಂಗಳು ಕಾದೆ, ದಿನಾಂಕ ಬಂದಿತು, ಹೋದೆ. ಸಂದರ್ಶನವಿಲ್ಲ, ಪರೀಕ್ಷೆಯಿಲ್ಲ. ನನ್ನ ತರಗತಿಯಲ್ಲಿ ನನ್ನಂತೆಯೇ ಬಂದವರು ಇನ್ನೂ ಹಲವರು ಇದ್ದರು. ಫ್ಲೋ ಎಂದರೆ ಮೋಸ ಎಂದು ಯಾರಾದರೂ ಹೇಳಿದರೆ ನನಗೆ ನೋವಾಗುತ್ತದೆ.

ಇನ್ನೊಂದು ಮಾತನ್ನು ಇಲ್ಲಿ ಬಾಯಿಬಿಟ್ಟು ಹೇಳಲೇಬೇಕು. ವಿದ್ಯಾರ್ಥಿಯಾಗಿದ್ದಾಗ ನಾನು ಎರಡು ಚೆಕ್‌ರೈಡ್‌ಗಳಲ್ಲಿ, ಅಂದರೆ ಹಾರಾಟದ ಪರೀಕ್ಷೆಗಳಲ್ಲಿ, ನಪಾಸಾಗಿದ್ದೆ. ಒಂದು ಇನ್‌ಸ್ಟ್ರುಮೆಂಟ್, ಒಂದು ಮಲ್ಟಿ ಎಂಜಿನ್. ಅದು ದಾಖಲೆಯಲ್ಲಿ ಉಳಿಯುತ್ತದೆ, ಮೇಜರ್‌ನ ಸಂದರ್ಶನದಲ್ಲಿ ಮೊದಲು ಕೇಳುವುದೇ ಅದನ್ನು. ಸಾವಿರಾರು ಅರ್ಜಿಗಳಿರುವಾಗ ನನ್ನದನ್ನು ಯಾರು ತೆಗೆದು ನೋಡುತ್ತಿದ್ದರು? ರೀಜನಲ್‌ನಲ್ಲಿ ನಾನು ಒಂದೂ ತರಬೇತಿಯಲ್ಲಿ ಎಡವಲಿಲ್ಲ, ಕ್ಯಾಪ್ಟನ್ ಆಗಿ ಎರಡು ಸಾವಿರ ಗಂಟೆ ಹಾರಿಸಿದೆ. ಆ ಕೆಲಸವನ್ನು ನೋಡಿ ಬಾಗಿಲು ತೆರೆದದ್ದು ಫ್ಲೋ ಒಂದೇ. ನನ್ನಂಥವರು ಪ್ರತಿ ರೀಜನಲ್‌ನಲ್ಲೂ ಇದ್ದಾರೆ, ಬ್ರೇಕ್ ರೂಮಿನಲ್ಲಿ ಹೇಳಿಕೊಳ್ಳುವುದಿಲ್ಲ ಅಷ್ಟೇ.

ಬಲಸೀಟು, ನಿಮ್ಮ ದಾಖಲೆ ಹೇಗಿದೆ ಎಂಬುದರ ಮೇಲೆ ಈ ಕರಡಿನ ಬೆಲೆ ಬದಲಾಗುತ್ತದೆ.


ಬಲಸೀಟು

ಶಿಕಾಗೋ ಅಣ್ಣ, ಇಷ್ಟು ಮನಬಿಚ್ಚಿ ಬರೆದದ್ದಕ್ಕೆ ಧನ್ಯವಾದ. ನನ್ನ ದಾಖಲೆಯಲ್ಲಿ ನಪಾಸು ಇಲ್ಲ. ಕೊರತೆ ಇರುವುದು ಕ್ಯಾಪ್ಟನ್ ಗಂಟೆಗಳಲ್ಲಿ.

ಹಳೆಯ ಕ್ಯಾಪ್ಟನ್ ಸರ್, ನೋಡಿದೆ. ಸಹಿಯ ಜಾಗ ಎರಡೇ ಇವೆ, ನಮ್ಮ ಕಂಪನಿ ಮತ್ತು ನಮ್ಮ ಯೂನಿಯನ್. ಮೇಜರ್‌ನ ಹೆಸರು ಒಳಗೆ ಬರುತ್ತದೆ, ಸಹಿಯ ಜಾಗದಲ್ಲಿ ಇಲ್ಲ.


ಹಳೆಯ_ಕ್ಯಾಪ್ಟನ್

ಹಾಗಾದರೆ ನಾನು ನನ್ನ ಕಥೆ ಹೇಳುತ್ತೇನೆ. ಕಂಪನಿಯ ಹೆಸರು ಬೇಡ.

2000ದಲ್ಲಿ ಒಂದು ರೀಜನಲ್ ಸೇರಿದೆ. ಸೇರುವಾಗ ಫ್ಲೋ ಬಗ್ಗೆಯೇ ಅರ್ಧ ದಿನ ಹೇಳಿದರು. ಗೋಡೆಗೆ ಚಾರ್ಟ್ ತೂಗುಹಾಕಿದ್ದರು. ನನ್ನ ಬ್ಯಾಚಿನವರು 2006ಕ್ಕೆ ಹೋಗುತ್ತೇವೆ ಎಂದು ಅದರಲ್ಲಿತ್ತು. ಮರುವರ್ಷ ಸೆಪ್ಟೆಂಬರ್ 11 ಆಯಿತು. ಮೇಲಿನವರು ಪೈಲಟ್‌ಗಳನ್ನು ಮನೆಗೆ ಕಳುಹಿಸಲು ಶುರು ಮಾಡಿದರು. ನಮ್ಮ ಒಪ್ಪಂದದಲ್ಲಿ ಫ್ಲೋ ಮೇಲಕ್ಕೆ ಮಾತ್ರ ಇರಲಿಲ್ಲ, ಕೆಳಕ್ಕೂ ಇತ್ತು. ಅಲ್ಲಿ ಕೆಲಸ ಕಳೆದುಕೊಂಡವರು ನಮ್ಮಲ್ಲಿಗೆ ಬಂದು ಎಡ ಸೀಟಿನಲ್ಲಿ, ಕ್ಯಾಪ್ಟನ್‌ನ ಸೀಟಿನಲ್ಲಿ, ಕುಳಿತರು. ನಾನು ಹನ್ನೊಂದು ತಿಂಗಳ ಕ್ಯಾಪ್ಟನ್, ಮತ್ತೆ ಬಲ ಸೀಟಿಗೆ ಹೋದೆ. ನನ್ನ ಪಕ್ಕದಲ್ಲಿ ಕುಳಿತವರ ಮೇಲೆ ನನಗೆ ಸಿಟ್ಟಿರಲಿಲ್ಲ. ಅವರ ಮನೆಯ ಕಂತು ನನ್ನದಕ್ಕಿಂತ ದೊಡ್ಡದಾಗಿತ್ತು.

ಚಾರ್ಟ್‌ನ ಒಂದು ಪ್ರತಿಯನ್ನು ಫ್ಲೈಟ್ ಬ್ಯಾಗಿನ ಪಕ್ಕದ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಮಡಿಕೆಯಲ್ಲಿ ಹರಿದು ನಾಲ್ಕು ಚೂರಾಯಿತು, ಟೇಪ್ ಅಂಟಿಸಿದೆ. 2006 ಬಂದಿತು, ಹೋಯಿತು. 2007ರ ಕೊನೆಯಲ್ಲಿ ನಿವೃತ್ತಿಯ ವಯಸ್ಸು 60ರಿಂದ 65ಕ್ಕೆ ಏರಿತು, ಮೇಲೆ ಖಾಲಿಯಾಗಬೇಕಿದ್ದ ಸೀಟುಗಳು ಇನ್ನೂ ಐದು ವರ್ಷ ತುಂಬಿಯೇ ಇದ್ದವು. ಮರುವರ್ಷ ಆರ್ಥಿಕ ಕುಸಿತ. ಕಡೆಗೆ ನಾನು ಬೇರೊಂದು ಮೇಜರ್‌ಗೆ ಸ್ವಂತ ಅರ್ಜಿ ಹಾಕಿ 2013ರಲ್ಲಿ ಸೇರಿದೆ. ಏಳು ವರ್ಷ ತಡ. ಆ ಏಳು ವರ್ಷಗಳಲ್ಲಿ ಮಾತು ಮುರಿದವರು ಎಂದು ಬೊಟ್ಟು ಮಾಡಲು ಯಾರೂ ಇರಲಿಲ್ಲ. ಒಪ್ಪಂದದಲ್ಲಿ ಬರೆದದ್ದು ‘ನೇಮಕ ಮಾಡಿದಾಗ’ ಎಂದು. ಅವರು ನೇಮಕ ಮಾಡಲಿಲ್ಲ.


ಕಡತದ_ಧೂಳು

ನಾನು ಪೈಲಟ್ ಅಲ್ಲ, ವಿಮಾನಯಾನದ ಕಾರ್ಮಿಕ ಒಪ್ಪಂದಗಳನ್ನು ಓದುವುದು ನನ್ನ ವೃತ್ತಿ. ಸಹಿಯ ಪ್ರಶ್ನೆ ಬಂದದ್ದರಿಂದ, ಸಾರ್ವಜನಿಕ ದಾಖಲೆಯಲ್ಲಿರುವ ಎರಡು ಸಂಗತಿಗಳನ್ನು ಬರೆಯುತ್ತೇನೆ.

ಮೊದಲನೆಯದು 1997ರದು. ಆ ಫೆಬ್ರುವರಿಯಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಪೈಲಟ್‌ಗಳು ಮುಷ್ಕರ ಹೂಡಿದರು, ಕೆಲವೇ ನಿಮಿಷಗಳಲ್ಲಿ ಅಧ್ಯಕ್ಷ ಕ್ಲಿಂಟನ್ ತಮ್ಮ ಅಧಿಕಾರ ಬಳಸಿ ಅದನ್ನು ತಡೆದರು. ಜಗಳದ ಬೇರು ಇದ್ದದ್ದು ಹೊಸ ಸಣ್ಣ ಜೆಟ್‌ಗಳನ್ನು ಯಾರು ಹಾರಿಸಬೇಕು ಎಂಬಲ್ಲಿ. ಕಡೆಗೆ ಅವು ಅಮೆರಿಕನ್‌ನ ರೀಜನಲ್ ಆದ ಅಮೆರಿಕನ್ ಈಗಲ್‌ನ ಪಾಲಾದವು, ಅದರ ಜೊತೆಗೆ ಫ್ಲೋ ಒಪ್ಪಂದ ಹುಟ್ಟಿತು. ಅದಕ್ಕೆ ನಾಲ್ಕು ಪಕ್ಷಗಳು ಸಹಿ ಹಾಕಿದವು: ಅಮೆರಿಕನ್, ಈಗಲ್, ಅಮೆರಿಕನ್ ಪೈಲಟ್‌ಗಳ ಯೂನಿಯನ್ ಆದ ಅಲೈಡ್ ಪೈಲಟ್ಸ್ ಅಸೋಸಿಯೇಷನ್ ಮತ್ತು ಈಗಲ್ ಪೈಲಟ್‌ಗಳ ಯೂನಿಯನ್ ಆದ ಆಲ್ಪಾ. ಹೊಸ ತರಗತಿಯ ಪ್ರತಿ ಎರಡು ಸ್ಥಾನಗಳಲ್ಲಿ ಒಂದನ್ನು ಈಗಲ್‌ನ ಅರ್ಹ ಜೆಟ್ ಕ್ಯಾಪ್ಟನ್‌ಗಳಿಗೆ ಕೊಡಬೇಕು ಎಂದಿತ್ತು. ತರಬೇತಿಯ ಕಟ್ಟುಪಾಡಿನಿಂದ ತಕ್ಷಣ ಹೋಗಲಾಗದಿದ್ದರೂ ಅಮೆರಿಕನ್‌ನ ಪಟ್ಟಿಯಲ್ಲಿ ಸಂಖ್ಯೆ ಮೊದಲೇ ಸಿಗುತ್ತಿತ್ತು.

2001ರಲ್ಲಿ ಅಮೆರಿಕನ್ ಕಂಪನಿ ಟಿಡಬ್ಲ್ಯೂಎ ಎಂಬ ಇನ್ನೊಂದು ವಿಮಾನ ಕಂಪನಿಯನ್ನು ಕೊಂಡಿತು, ಅದರ ಪೈಲಟ್‌ಗಳು ಪಟ್ಟಿಗೆ ಸೇರಿದರು. ಅದೇ ವರ್ಷ ಸೆಪ್ಟೆಂಬರ್. ಸಾವಿರಾರು ಪೈಲಟ್‌ಗಳು ಮನೆಗೆ ಹೋದರು. ಸಂಖ್ಯೆ ಕೈಯಲ್ಲಿದ್ದ ಈಗಲ್ ಕ್ಯಾಪ್ಟನ್‌ಗಳು ಇದ್ದಲ್ಲೇ ಉಳಿದರು. ಆದರೆ ನಾಲ್ವರ ಸಹಿ ಇದ್ದ ಕಾರಣಕ್ಕೆ ಈಗಲ್ ಪೈಲಟ್‌ಗಳು ಮಧ್ಯಸ್ಥಗಾರರ ಮುಂದೆ ಹೋಗಲು ಸಾಧ್ಯವಾಯಿತು. ಮರಳಿ ಕರೆಸಿಕೊಂಡವರಲ್ಲಿ ಯಾರನ್ನು ಹೊಸ ನೇಮಕವೆಂದು ಎಣಿಸಬೇಕು ಎಂಬ ಒಂದು ಪ್ರಶ್ನೆಯೇ ವರ್ಷಗಟ್ಟಲೆ ನಡೆಯಿತು. ತಡವಾಗಿಯಾದರೂ ಕೆಲವರಿಗೆ ಪರಿಹಾರ ಸಿಕ್ಕಿತು. ಮೇಜರ್‌ನ ಸಹಿ ಇಲ್ಲದಿದ್ದರೆ ಆ ಬಾಗಿಲೂ ಇರುತ್ತಿರಲಿಲ್ಲ.

ಎರಡನೆಯದು 2014ರದು, ಈಗಲ್‌ಗೆ ಎನ್ವಾಯ್ ಎಂಬ ಹೊಸ ಹೆಸರು ಬಂದ ವರ್ಷ. ಸಂಬಳ ಹಿಡಿತದಲ್ಲಿಡಿ, ಹೊಸ ಎಂಬ್ರೇಯರ್ 175 ಮತ್ತು ಉತ್ತಮ ಫ್ಲೋ ಕೊಡುತ್ತೇವೆ ಎಂಬುದು ಪೈಲಟ್‌ಗಳ ಮುಂದೆ ಆಡಳಿತವಿಟ್ಟ ಪ್ರಸ್ತಾಪ. ಅದಕ್ಕೂ ಮುಂಚೆ 2013ರಲ್ಲಿ ಓಹಿಯೋದ ಪಿಎಸ್ಎ ಎಂಬ ಇನ್ನೊಂದು ರೀಜನಲ್‌ನ ಪೈಲಟ್‌ಗಳು ಇಂಥದ್ದೇ ರಿಯಾಯಿತಿಗಳಿಗೆ ಒಪ್ಪಿದ್ದರು, ಹೊಸ ಸಿಆರ್‌ಜೆ 900 ಜೆಟ್‌ಗಳು ಅವರಿಗೆ ಹೋಗಿದ್ದವು. ಎನ್ವಾಯ್ ಪೈಲಟ್‌ಗಳಲ್ಲಿ ಸುಮಾರು 70 ಶೇಕಡಾ ಜನ ಬೇಡ ಎಂದು ಮತ ಹಾಕಿದರು. ಹೊಸ ವಿಮಾನಗಳು ಬೇರೆ ರೀಜನಲ್‌ಗಳಿಗೆ ಹೋದವು. ಮುಂದೆ ಅವರೂ ಬೇರೊಂದು ಒಪ್ಪಂದಕ್ಕೆ ಒಪ್ಪಿದರು, ಆಮೇಲೆ 175ಗಳು ಬಂದವು.

ಇಲ್ಲಿ ಬಾರು ಯಾರ ಕೈಯಲ್ಲಿದೆ ನೋಡಿ. ರೀಜನಲ್‌ಗೆ ಟಿಕೆಟ್ ಮಾರುವ ಹಕ್ಕಿಲ್ಲ, ಮಾರ್ಗ ಸ್ವಂತದ್ದಲ್ಲ, ಎಷ್ಟೋ ಕಡೆ ವಿಮಾನವೂ ಸ್ವಂತದ್ದಲ್ಲ. 76 ಸೀಟಿಗಿಂತ ದೊಡ್ಡದನ್ನು ಹಾರಿಸುವಂತಿಲ್ಲ, ಏಕೆಂದರೆ ಮೇಜರ್‌ನ ಪೈಲಟ್‌ಗಳ ಒಪ್ಪಂದ ಅಲ್ಲಿ ಗೆರೆ ಎಳೆದಿದೆ. ಒಬ್ಬರು ಒಪ್ಪದಿದ್ದರೆ ವಿಮಾನ ಪಕ್ಕದವರಿಗೆ ಹೋಗುತ್ತದೆ. ಪಕ್ಕದವರು ಒಪ್ಪಿದ ಸುದ್ದಿಯನ್ನು ತಂದು ಇವರ ಮುಂದೆ ಇಡುತ್ತಾರೆ.


ಶಿಕಾಗೋ_ಗಾಳಿ

ಇದನ್ನೇ ನಾನೂ ಹೇಳಬೇಕೆಂದಿದ್ದೆ. ಬೇಡ ಎನ್ನುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಕೋಮೇರ್ ಎಂಬ ರೀಜನಲ್‌ನ ಪೈಲಟ್‌ಗಳು 2001ರಲ್ಲಿ 89 ದಿನ ಮುಷ್ಕರ ಮಾಡಿ ಒಳ್ಳೆಯ ಸಂಬಳ ಪಡೆದರು. ಕಾಲಕ್ರಮೇಣ ಅವರ ಹಾರಾಟ ಕಡಿಮೆಯಾಗುತ್ತ ಬಂದು 2012ರ ಸೆಪ್ಟೆಂಬರ್‌ನಲ್ಲಿ ಕಂಪನಿಯೇ ಮುಚ್ಚಿತು. ಸಂಬಳದ ಪುಸ್ತಕ ಎಷ್ಟು ಚೆನ್ನಾಗಿದ್ದರೂ ಹಾರಿಸಲು ವಿಮಾನ ಬೇಕು.


ಹಳೆಯ_ಕ್ಯಾಪ್ಟನ್

ಒಪ್ಪುತ್ತೇನೆ. ಆದರೆ ಇನ್ನೊಂದು ಬದಿಯನ್ನೂ ನೋಡೋಣ. ಎಷ್ಟೋ ವರ್ಷ ಫ್ಲೋ ಆಸೆ ತೋರಿಸಿ ರೀಜನಲ್‌ನ ಹೊಸ ಫಸ್ಟ್ ಆಫೀಸರ್‌ಗಳಿಗೆ ವರ್ಷಕ್ಕೆ 25 ಸಾವಿರ ಡಾಲರ್‌ಗಿಂತ ಕಡಿಮೆ ಕೊಟ್ಟರು. 2022ರ ಜೂನ್‌ನಲ್ಲಿ ಪೀಡ್ಮಾಂಟ್, ಎನ್ವಾಯ್, ಪಿಎಸ್ಎ ಮೂರೂ ರೀಜನಲ್ ಕಂಪನಿಗಳು ಹೊಸ ಫಸ್ಟ್ ಆಫೀಸರ್‌ಗೆ ಗಂಟೆಗೆ 90 ಡಾಲರ್ ಎಂದು ಘೋಷಿಸಿದವು. ತಿಂಗಳಿಗೆ 75 ಗಂಟೆ ಖಾತರಿ ಎಂದು ಹಿಡಿದರೂ ವರ್ಷಕ್ಕೆ 81,000. ಇದು ಯಾವ ಭರವಸೆಯ ಪತ್ರದಿಂದಲೂ ಬರಲಿಲ್ಲ. ಹಾರಿಸಲು ಜನ ಸಿಗುತ್ತಿರಲಿಲ್ಲ, ಅದಕ್ಕೆ ಬಂದಿತು.

ಬಲಸೀಟು, ನಿಮಗೆ ಇವತ್ತು ಸಿಗುತ್ತಿರುವ ಸಂಬಳ ಕೊರತೆಯ ಕಾಲದಲ್ಲಿ ಗಳಿಸಿದ್ದು. ಕೊರತೆ ಇಲ್ಲದ ಕಾಲದಲ್ಲಿ ಅದನ್ನು ನಾಲ್ಕು ವರ್ಷ ಕಟ್ಟಿಹಾಕಲು ಕೇಳುತ್ತಿದ್ದಾರೆ. ನಾಲ್ಕು ವರ್ಷ ಎಂದರೆ ನಾಲ್ಕೇ ಎಂದು ತಿಳಿಯಬೇಡಿ. ಕಡತದವರು ವಿವರಿಸಲಿ.


ಕಡತದ_ಧೂಳು

ಹೌದು. ಅಮೆರಿಕದಲ್ಲಿ ವಿಮಾನ ಸಿಬ್ಬಂದಿಯ ಒಪ್ಪಂದಗಳು 1926ರ ರೈಲ್ವೆ ಕಾರ್ಮಿಕ ಕಾಯ್ದೆಗೆ ಒಳಪಟ್ಟಿವೆ. 1936ರಲ್ಲಿ ಆ ಕಾಯ್ದೆಯನ್ನು ವಿಮಾನಗಳಿಗೂ ವಿಸ್ತರಿಸಿದರು. ಅದರಡಿ ಒಪ್ಪಂದದ ಅವಧಿ ಮುಗಿಯುವುದೇ ಇಲ್ಲ, ತಿದ್ದಬಹುದಾದ ದಿನಾಂಕ ಬರುತ್ತದೆ ಅಷ್ಟೇ. ಹೊಸದಕ್ಕೆ ಸಹಿ ಬೀಳುವವರೆಗೂ ಹಳೆಯದೇ ನಡೆಯುತ್ತದೆ. ಸರ್ಕಾರದ ಮಧ್ಯಸ್ಥಿಕೆ ಮಂಡಳಿ ಎರಡೂ ಕಡೆಯವರನ್ನು ಮಾತುಕತೆಯಿಂದ ಬಿಡುಗಡೆ ಮಾಡುವವರೆಗೂ ಮುಷ್ಕರ ಹೂಡುವಂತಿಲ್ಲ. ನಾಲ್ಕು ವರ್ಷದ ಒಪ್ಪಂದವನ್ನು ಆರೇಳು ವರ್ಷದ್ದು ಎಂದುಕೊಂಡೇ ಓದಬೇಕು.


ಡಲ್ಲಾಸ್_ಅಕ್ಕ

ತಮ್ಮಾ, ನಾನು ಪೈಲಟ್‌ನ ಹೆಂಡತಿ. ಹದಿನಾರು ವರ್ಷವಾಯಿತು. ಇಲ್ಲಿ ಎಲ್ಲರೂ ಕಾಗದದ ಬಗ್ಗೆ ಬರೆಯುತ್ತಿದ್ದೀರಿ. ರಿಸರ್ವ್ ನಿಯಮ ಬಿಗಿಯಾಗುತ್ತದೆ ಎಂದು ನೀವು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋದಿರಿ. ನಾನು ಅಲ್ಲೇ ನಿಂತೆ.

ನಮ್ಮ ಮನೆಯ ಫ್ರಿಜ್ ಮೇಲೆ ಒಂದು ಕ್ಯಾಲೆಂಡರ್ ಇರುತ್ತಿತ್ತು. ಕೆಂಪು ಬಣ್ಣದ ದಿನ ಅಪ್ಪ ಹಾರುತ್ತಾರೆ, ಹಸಿರು ಬಣ್ಣದ ದಿನ ಮನೆಯಲ್ಲಿರುತ್ತಾರೆ. ರಿಸರ್ವ್ ದಿನಕ್ಕೆ ಮಗ ತಾನೇ ಹಳದಿ ಬಣ್ಣ ಆರಿಸಿದ್ದ. ಹಳದಿ ದಿನ ಅವರು ಬೇರೆ ಊರಿನ ಕ್ರಾಶ್ ಪ್ಯಾಡ್‌ನಲ್ಲಿ ಯೂನಿಫಾರ್ಮ್ ಇಸ್ತ್ರಿ ಮಾಡಿಟ್ಟುಕೊಂಡು ಫೋನ್ ನೋಡುತ್ತ ಕೂತಿರುತ್ತಾರೆ. ಹಾರುವುದೂ ಇಲ್ಲ, ಮನೆಗೂ ಬರುವುದಿಲ್ಲ. ಒಂದು ಯುಗಾದಿಯ ತಿಂಗಳು ಎಣಿಸಿದೆ, ಹದಿನೆಂಟು ಹಳದಿ. ಹಬ್ಬದ ದಿನ ಬೇವುಬೆಲ್ಲವನ್ನು ಫೋನ್ ಮುಂದೆ ಹಿಡಿದು ತೋರಿಸಿದೆವು.

ಆಗಲೂ ಫ್ಲೋ ಬರುತ್ತದೆ, ಇನ್ನೆರಡು ವರ್ಷ ಎಂದು ಹೇಳಿಕೊಂಡೇ ಇದ್ದೆವು. ನನ್ನ ಬ್ಯಾಂಕ್ ಕೆಲಸಕ್ಕೆ ಬಡ್ತಿಯ ಜೊತೆ ವರ್ಗಾವಣೆ ಬಂದಾಗ ಬೇಡ ಎಂದೆ, ಹೇಗಿದ್ದರೂ ಎರಡು ವರ್ಷದಲ್ಲಿ ಊರು ಬಿಡುತ್ತೇವಲ್ಲ ಎಂದು. ಐದು ವರ್ಷವಾಯಿತು. ಫ್ಲೋ ದಿನಾಂಕವನ್ನು ನಂಬಿ ಮನೆಯ ತೀರ್ಮಾನಗಳನ್ನು ಮಾಡಬೇಡಿ. ಮಗಳಿಗೆ ಎರಡು ವರ್ಷ ಎಂದಿರಿ. ಬೋನಸ್ ಎಷ್ಟೇ ಇರಲಿ, ಮತ ಹಾಕುವ ಮುಂಚೆ ನಿಮ್ಮ ಹೆಂಡತಿಗೆ ರಿಸರ್ವ್ ಅಧ್ಯಾಯವನ್ನು ಪೂರ್ತಿ ಓದಿ ಹೇಳಿ.


ಬಲಸೀಟು

ಅಕ್ಕ, ನಿಮ್ಮ ಬರಹವನ್ನು ಅವಳಿಗೆ ಓದಿ ಹೇಳಿದೆ. ‘ಹದಿನೆಂಟು?’ ಎಂದು ಕೇಳಿದಳು. ಇವತ್ತು ರಾತ್ರಿ ಇಬ್ಬರೂ ಕೂತು ಆ ಅಧ್ಯಾಯ ಓದುತ್ತೇವೆ.


ಎಟಿಆರ್_ಹುಬ್ಬಳ್ಳಿ

ನಾನು ಭಾರತದಲ್ಲಿ ಎಟಿಆರ್ ಎಂಬ ಸಣ್ಣ ವಿಮಾನದ ಕ್ಯಾಪ್ಟನ್. ನಮ್ಮಲ್ಲಿ ಆಸೆ ತೋರಿಸಿ ಕಟ್ಟುವುದಕ್ಕಿಂತ ನೋಟಿಸ್ ಅವಧಿಯಿಂದ ಕಟ್ಟುವುದು ಹೆಚ್ಚು. 2017ರಿಂದ ಕ್ಯಾಪ್ಟನ್ ಒಂದು ವರ್ಷ, ಫಸ್ಟ್ ಆಫೀಸರ್ ಆರು ತಿಂಗಳು ಮುಂಚಿತವಾಗಿ ನೋಟಿಸ್ ಕೊಡಬೇಕು ಎಂದು ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮವಿದೆ. ಮೇಲೆ ಟೈಪ್ ರೇಟಿಂಗ್ ಬಾಂಡ್, ಅಂದರೆ ಬೇಗ ಬಿಟ್ಟರೆ ತರಬೇತಿಯ ಹಣ ಕಟ್ಟಬೇಕೆಂಬ ಕರಾರು. ನಾನು ಮೊದಲು ಕೆಲಸ ಮಾಡಿದ ಕಂಪನಿ ಮುಚ್ಚಿದಾಗ ನಮ್ಮ ಬಾಕಿ ಸಂಬಳ ಬರಲಿಲ್ಲ.

ಬೋನಸ್ ಬಗ್ಗೆ ಒಂದು ಮಾತು ಬಲಸೀಟು ಅವರೇ. ಹಿಂದಿರುಗಿಸಬೇಕಾದ ಮೊತ್ತ ತೆರಿಗೆ ಕಡಿತಕ್ಕೆ ಮುಂಚಿನದೋ, ನಿಮ್ಮ ಖಾತೆಗೆ ಬಂದದ್ದೋ? ನನ್ನ ಬಾಂಡ್ ತೀರಿಸುವಾಗ ಕೈಗೆ ಬಂದದ್ದಕ್ಕಿಂತ ಹೆಚ್ಚು ಕಟ್ಟಿದೆ. ಇನ್ನೊಂದು: ಫ್ಲೋ ಮೂಲಕ ಹೋದರೂ ಎರಡು ವರ್ಷದೊಳಗೆ ಬಿಟ್ಟಂತೆ ಲೆಕ್ಕವೇ?


ಬಲಸೀಟು

ಮೊದಲನೆಯದಕ್ಕೆ ಉತ್ತರ: ಕಡಿತಕ್ಕೆ ಮುಂಚಿನ ಪೂರ್ತಿ ಮೊತ್ತ. ನೀವು ಕೇಳುವವರೆಗೂ ಗಮನಿಸಿರಲಿಲ್ಲ. ಎರಡನೆಯದರ ಬಗ್ಗೆ ಕರಡಿನಲ್ಲಿ ಏನೂ ಇಲ್ಲ. ಗುರುವಾರ ಯೂನಿಯನ್‌ನವರ ರೋಡ್ ಶೋ, ಅಂದರೆ ಕರಡನ್ನು ವಿವರಿಸುವ ಸಭೆ, ಇದೆ, ಮೇಜರ್‌ನ ಪ್ರತಿನಿಧಿಯೂ ಬರುತ್ತಾರಂತೆ. ಏನೇನು ಕೇಳಲಿ?


ಹಳೆಯ_ಕ್ಯಾಪ್ಟನ್

ಮೂರು ವಿಷಯ ಕೇಳಿ. ಮೇಜರ್ ಪ್ರತ್ಯೇಕ ಪತ್ರಕ್ಕೆ ಸಹಿ ಹಾಕುತ್ತದೆಯೇ. ಫ್ಲೋ ನಿಂತರೆ ನಮಗೆ ಏನು ಸಿಗುತ್ತದೆ, ಅಂದರೆ ನಿಂತ ಪ್ರತಿ ತಿಂಗಳಿಗೆ ಸಂಬಳದ ದರ ಏರುತ್ತದೆಯೇ ಅಥವಾ ದರ ಕಟ್ಟಿಹಾಕಿದ ಷರತ್ತು ತಾನಾಗಿ ಬಿದ್ದುಹೋಗುತ್ತದೆಯೇ. ಮತ್ತು ಹೋಗಬೇಕಾದವರನ್ನು ಇಲ್ಲಿ ಪೈಲಟ್ ಸಾಲದು ಎಂಬ ಕಾರಣಕ್ಕೆ ತಡೆಹಿಡಿಯುವ ಅಧಿಕಾರ ನಮ್ಮ ಕಂಪನಿಗೆ ಇದೆಯೇ, ಇದ್ದರೆ ಎಷ್ಟು ತಿಂಗಳು, ಆ ಅವಧಿಯಲ್ಲಿ ಮೇಜರ್‌ನಲ್ಲಿ ಸಂಖ್ಯೆ ಸಿಗುತ್ತದೆಯೇ.

ಕೊಟ್ಟ ಮಾತು ತಪ್ಪಿದರೆ ಕೊಟ್ಟವರಿಗೂ ನಷ್ಟವಾಗಬೇಕು. ನಷ್ಟ ನಮ್ಮೊಬ್ಬರದೇ ಆದರೆ ಅದಕ್ಕೆ ಸಂಬಳ, ರಜೆ ಏನನ್ನೂ ಬಿಟ್ಟುಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಫ್ಲೋ ಬಂದರೆ ಬರಲಿ, ಸಂತೋಷ. ಅದನ್ನು ದುಡ್ಡು ಕೊಟ್ಟು ಕೊಳ್ಳಬೇಡಿ.


ಶಿಕಾಗೋ_ಗಾಳಿ

ಸರ್, ನಿಮ್ಮ ಮೇಲೆ ಗೌರವವಿದೆ, ಆದರೂ ಕೊನೆಯ ಮಾತು ಎಲ್ಲರಿಗೂ ಹೊಂದುವುದಿಲ್ಲ. ನಾನು ದುಡ್ಡು ಕೊಟ್ಟೇ ಕೊಂಡೆ. ಮೂರು ವರ್ಷ ಕಡಿಮೆ ಸಂಬಳಕ್ಕೆ ದುಡಿದೆ. ಬೇರೆ ಬಾಗಿಲಿಲ್ಲದವನಿಗೆ ಅರ್ಧ ತೆರೆದ ಬಾಗಿಲೂ ದೊಡ್ಡದು. ಅಲ್ಲದೆ ನಾನು ಮೇಜರ್‌ಗೆ ಹೋಗುವುದು ಸ್ವಲ್ಪ ತಡವಾಗಿದ್ದರೆ 2020 ಎದುರಾಗುತ್ತಿತ್ತು. ಆ ಅಕ್ಟೋಬರ್‌ನಲ್ಲಿ ಅಮೆರಿಕನ್ ಒಂದೇ 19,000 ನೌಕರರನ್ನು ಮನೆಗೆ ಕಳುಹಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲೇ ಟ್ರಾನ್ಸ್ ಸ್ಟೇಟ್ಸ್, ಕಂಪಾಸ್ ಎರಡೂ ರೀಜನಲ್‌ಗಳು ಮುಚ್ಚಿದವು. ನನಗೆ ಸಿಕ್ಕದ್ದರಲ್ಲಿ ಅದೃಷ್ಟದ ಪಾಲು ಎಷ್ಟು ಎಂದು ನನಗೆ ಗೊತ್ತು.


ಹಳೆಯ_ಕ್ಯಾಪ್ಟನ್

ನೀವು ಹೇಳಿದ್ದು ಸರಿ. ‘ಬೇರೆ ಬಾಗಿಲಿರುವವರು ಕೊಳ್ಳಬೇಡಿ’ ಎಂದು ತಿದ್ದಿಕೊಳ್ಳುತ್ತೇನೆ. ಬಲಸೀಟು ಅವರ ದಾಖಲೆ ಚೆನ್ನಾಗಿದೆ, ಅವರಿಗೆ ಬಾಗಿಲಿದೆ. ನೇಮಕ ನಿಧಾನವಾಗಿರುವುದು ಫ್ಲೋಗೂ ಒಂದೇ, ಅರ್ಜಿಗೂ ಒಂದೇ. 2024ರ ಮೇ, ಜೂನ್‌ನಲ್ಲಿ ಬೋಯಿಂಗ್ ವಿಮಾನಗಳು ಬರುವುದು ತಡವಾಯಿತೆಂದು ಯುನೈಟೆಡ್ ಹೊಸ ಪೈಲಟ್‌ಗಳನ್ನೇ ತೆಗೆದುಕೊಳ್ಳಲಿಲ್ಲ. ಅಂಥ ತಿಂಗಳಲ್ಲಿ ತರಗತಿಯ ಅರ್ಧ ನಿಮ್ಮದು ಎಂದು ಬರೆದುಕೊಟ್ಟರೂ ಸೊನ್ನೆಯ ಅರ್ಧ ಸೊನ್ನೆಯೇ.


ಜಕ್ಕೂರು_ಹುಡುಗ

ಇದನ್ನೆಲ್ಲ ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪ ಜಮೀನು ಅಡವಿಟ್ಟು ಫೀಸು ಕಟ್ಟಿದ್ದಾರೆ. ಬಲಸೀಟು ಸರ್, ರೋಡ್ ಶೋನಲ್ಲಿ ಏನಾಯಿತು ಎಂದು ದಯವಿಟ್ಟು ಬರೆಯಿರಿ.


ಬಲಸೀಟು

ಗುರುವಾರ ಹೋಗಿದ್ದೆ. ನಿಲ್ದಾಣದ ಪಕ್ಕದ ಹೋಟೆಲಿನ ಸಭಾಂಗಣ, ಸುಮಾರು ನೂರು ಜನ, ಅರ್ಧ ಮಂದಿ ಯೂನಿಫಾರ್ಮ್‌ನಲ್ಲೇ ಇದ್ದರು.

ಬೋನಸ್ ವಿಷಯ ಮೊದಲು ಕೇಳಿದೆ. ಫ್ಲೋ ಮೂಲಕ ಹೋದವರು ಹಿಂದಿರುಗಿಸಬೇಕಿಲ್ಲ, ಅದನ್ನು ಬರವಣಿಗೆಯಲ್ಲಿ ಸೇರಿಸುತ್ತೇವೆ ಎಂದರು. ಎಟಿಆರ್ ಸರ್, ಇದು ನಿಮ್ಮಿಂದ ಆದದ್ದು.

ಆಮೇಲೆ ತಡೆಹಿಡಿಯುವ ಅಧಿಕಾರ. ಒಂಬತ್ತು ತಿಂಗಳವರೆಗೆ ಹಿಡಿಯಬಹುದು. ಸಂಖ್ಯೆ ಸಿಗುವುದು ತರಗತಿಗೆ ಹಾಜರಾದ ದಿನದಿಂದ, ಹಿಡಿದಿಟ್ಟ ದಿನಗಳು ನಮ್ಮ ಪಾಲಿಗೆ ನಷ್ಟವೇ. ಈ ಉತ್ತರ ಬಂದಾಗ ನನ್ನ ಹಿಂದೆ ಕುಳಿತಿದ್ದ ಒಬ್ಬ ಹಿರಿಯ ಕ್ಯಾಪ್ಟನ್, ಇನ್ನು ಎರಡು ತಿಂಗಳಲ್ಲಿ ಫ್ಲೋ ಸಾಲಿನ ಮೊದಲ ಪುಟದಲ್ಲಿರುವವರು, ಎದ್ದು ಹೊರಗೆ ಹೋದರು.

ಕೊನೆಗೆ ಸಹಿ. ಮೇಜರ್‌ನಿಂದ ಬಂದವರು ಬಹಳ ಸೌಜನ್ಯದಿಂದ ಮಾತನಾಡಿದರು. ನಮ್ಮ ಉದ್ದೇಶ ಪ್ರಾಮಾಣಿಕವಾದದ್ದು, ನಿಮ್ಮಿಂದಲೇ ಮುಂದಿನ ಪೈಲಟ್‌ಗಳು ಬರಬೇಕೆಂಬುದು ನಮ್ಮ ಯೋಜನೆ ಎಂದರು. ನಾನು ಮತ್ತೆ ಕೇಳಿದೆ, ಹಾಗಿದ್ದರೆ ಸಹಿ ಹಾಕುತ್ತೀರಾ ಎಂದು. ಅದು ಕಾನೂನು ವಿಭಾಗಕ್ಕೆ ಬಿಟ್ಟದ್ದು ಎಂದರು. ಫ್ಲೋ ನಿಂತರೆ ಸಂಬಳದ ಷರತ್ತು ಬಿದ್ದುಹೋಗುತ್ತದೆಯೇ ಎಂದು ಕೇಳಿದಾಗ ನಮ್ಮ ಯೂನಿಯನ್‌ನವರೇ ಉತ್ತರ ಕೊಟ್ಟರು: ಕೇಳಿದ್ದೆವು, ಸಿಗಲಿಲ್ಲ.

ಮನೆಗೆ ಬಂದು ಹೆಂಡತಿಯ ಜೊತೆ ಮತ್ತೆ ಕೂತೆ. ಬೇಡ ಎಂದು ಮತ ಹಾಕಿದೆ.


ಡಲ್ಲಾಸ್_ಅಕ್ಕ

ಅವಳು ಏನೆಂದಳು?


ಬಲಸೀಟು

ರಿಸರ್ವ್ ಅಧ್ಯಾಯದ ಪುಟಗಳನ್ನು ಬೇರೆ ಮಾಡಿ ಇಟ್ಟುಕೊಂಡಿದ್ದಳು. ‘ಇದು ಖಚಿತ, ಅದು ಖಚಿತವಲ್ಲ’ ಎಂದು ಎರಡು ಕಟ್ಟು ಮಾಡಿ ಮೇಜಿನ ಮೇಲೆ ಇಟ್ಟಳು. ಫ್ಲೋದ ಒಂದೂವರೆ ಪುಟ ಎರಡನೆಯ ಕಟ್ಟಿನಲ್ಲಿ ಒಂಟಿಯಾಗಿತ್ತು.


ಬಲಸೀಟು

ಫಲಿತಾಂಶ ಬಂದಿದೆ. ಕರಡು ಅಂಗೀಕಾರವಾಯಿತು, ಅಂತರ ತೀರಾ ಸಣ್ಣದು. ಒಪ್ಪಿದವರಲ್ಲಿ ನನ್ನ ಸ್ನೇಹಿತರೇ ಬಹಳ ಜನ, ಅವರವರ ಕಾರಣ ಅವರಿಗಿದೆ. ಮುಂದಿನ ತಿಂಗಳಿಂದ ಹೊಸ ರಿಸರ್ವ್ ನಿಯಮ.

ನಾನು ಬೋನಸ್ ತೆಗೆದುಕೊಳ್ಳುವುದಿಲ್ಲ ಎಂದು ಬರೆದುಕೊಟ್ಟಿದ್ದೇನೆ, ಎರಡು ವರ್ಷದ ಕಟ್ಟು ನನಗೆ ಇರುವುದಿಲ್ಲ. ಬೇರೆ ಬೇಸ್‌ನಲ್ಲಿ (ಹಾರಾಟ ಶುರುವಾಗುವ ಊರು) ಕ್ಯಾಪ್ಟನ್ ಸ್ಥಾನ ಬೇಗ ಸಿಗುವಂತಿದೆ, ದೂರವಾದರೂ ಅದನ್ನು ಕೇಳಿ ಬಿಡ್ ಹಾಕಿದ್ದೇನೆ. ಮೇಜರ್‌ಗಳ ಅರ್ಜಿಗಳನ್ನು ಮತ್ತೆ ತುಂಬಲು ಕೂತಿದ್ದೇನೆ. ಹಳೆಯ ಲಾಗ್‌ಬುಕ್‌ನಲ್ಲಿ ಸೆಸ್ನಾ (ಸಣ್ಣ ವಿಮಾನ) ಹಾರಿಸುತ್ತಿದ್ದ ಕಾಲದ ರಾತ್ರಿ ಹಾರಾಟದ ಗಂಟೆಗಳು ಎರಡು ಕಡೆ ಹೊಂದುತ್ತಿಲ್ಲ. ಅರ್ಜಿ ಕಳುಹಿಸುವ ಮುಂಚೆ ಯಾರಾದರೂ ಒಮ್ಮೆ ನೋಡಿಕೊಡಬಹುದೇ?


ಹಳೆಯ_ಕ್ಯಾಪ್ಟನ್

ಭಾನುವಾರ ಮನೆಯಲ್ಲಿರುತ್ತೇನೆ. ಲಾಗ್‌ಬುಕ್‌ನ ಎಲ್ಲ ಪುಟಗಳ ಫೋಟೋ ತೆಗೆದು ಕಳುಹಿಸಿ, ಮೊದಲ ಸೋಲೋ ದಿನದಿಂದ. ಕೂಡಿಸುವುದನ್ನು ಕೈಯಲ್ಲೇ ಮಾಡೋಣ.


ಶಿಕಾಗೋ_ಗಾಳಿ

ಅರ್ಜಿಗೆ ಶಿಫಾರಸು ಪತ್ರ ಬೇಕಾದರೆ ನನ್ನ ಹೆಸರು ಹಾಕಿ. ಮುಂದಿನ ವಾರ ನಿಮ್ಮ ಬೇಸ್‌ನಲ್ಲಿ ರಾತ್ರಿ ತಂಗುತ್ತೇನೆ, ಸಿಕ್ಕಿ ಮಾತನಾಡೋಣ.